ಮೂರನೇ ಕಿಟಕಿಯ ಅಕ್ಕ

ನಮ್ಮ ಲೈಸೆನ್ಸ್ ಕಚೇರಿಯಲ್ಲಿ ಐದು ಕಿಟಕಿಗಳಿದ್ದವು. ನಾಲ್ಕನೆಯದರಲ್ಲಿ ನಾನು ಕೂರುತ್ತಿದ್ದೆ, ಮೂರನೆಯದರಲ್ಲಿ ಅಕ್ಕ. ಒಡಹುಟ್ಟಿದವರೇನಲ್ಲ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಸೀಲನ್ನು ನನ್ನ ಕೈಗಿಟ್ಟು, "ಮೊದಲು ಓದು, ಆಮೇಲೆ ಒತ್ತು" ಅಂದರು. ಅಷ್ಟೇ ನನಗೆ ಸಿಕ್ಕ ತರಬೇತಿ. ಅವತ್ತಿನಿಂದ ನನಗೆ ಅವರು ಅಕ್ಕ. ಆಮೇಲೆ ಇಡೀ ಕಚೇರಿಗೇ ಅಕ್ಕ ಆದರು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಹದಿನಾರು ಹದಿನೇಳರ ಮಕ್ಕಳು. ಬೆಳಿಗ್ಗೆ ಎಂಟೂವರೆಗೇ ಬಾಗಿಲ ಮುಂದೆ ಸಾಲು ನಿಲ್ಲುತ್ತಿದ್ದರು. ಫೋಟೊ ತೆಗೆಯುತ್ತಾರೆಂದು ತಲೆಗೆ ಜೆಲ್ ಮೆತ್ತಿಕೊಂಡು ಬಂದ ಹುಡುಗರು, ಹಿಂದಿನ ದಿನವೇ ಹುಬ್ಬು ತೀಡಿಸಿಕೊಂಡ ಹುಡುಗಿಯರು, ಅವರಿಗಿಂತ ಹೆಚ್ಚು ಬೆವರುತ್ತಿದ್ದ ಅಪ್ಪಂದಿರು. ಹದಿನಾರು ತುಂಬಿದರೆ ಬರಹದ ಪರೀಕ್ಷೆ, ಕಣ್ಣಿನ ಪರೀಕ್ಷೆ, ಹಿರಿಯರೊಬ್ಬರ ಸಹಿ. ಪಾಸಾದರೆ ಕಲಿಯುವವರ ಲೈಸೆನ್ಸು. ಆಮೇಲೆ ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರನ್ನು ಕೂರಿಸಿಕೊಂಡು ಐವತ್ತು ಗಂಟೆ ಓಡಿಸಬೇಕು. ಪ್ರತಿ ಗಂಟೆಯೂ ಒಂದು ಪುಸ್ತಕದಲ್ಲಿ ಬರೆದು ಸಹಿ ಆಗಬೇಕು. ಹದಿನೇಳಕ್ಕೆ ರಸ್ತೆ ಪರೀಕ್ಷೆ. ಅದಾದ ಮೇಲೂ ಒಂದು ವರ್ಷ ಗಾಡಿಯ ಹಿಂದೆ ಕೆಂಪು ಫಲಕ, ರಾತ್ರಿ ಒಂಬತ್ತರ ಮೇಲೆ ಓಡಿಸುವಂತಿಲ್ಲ, ಓರಗೆಯವರಲ್ಲಿ ಒಬ್ಬರಿಗಿಂತ ಹೆಚ್ಚು ಹತ್ತಿಸಿಕೊಳ್ಳುವಂತಿಲ್ಲ. ಇದೆಲ್ಲ ಫಾರಂ ಬೆನ್ನ ಮೇಲೆ ಅಚ್ಚಾಗಿತ್ತು. ನಾವು ನಾಲ್ಕು ಜನ "ಹಿಂದೆ ಓದ್ಕೊಳಿ" ಅಂತ ತಳ್ಳುತ್ತಿದ್ದೆವು. ಅಕ್ಕ ಮಾತ್ರ ಒಬ್ಬೊಬ್ಬರಿಗೂ ಬಾಯಿಬಿಟ್ಟು ಓದಿ ಹೇಳುತ್ತಿದ್ದರು.

"ಮೂರನೇ ಕಿಟಕಿಗೆ ಸಿಕ್ರೆ ಕಥೆ ಮುಗೀತು" ಅಂತ ಮಕ್ಕಳು ಗೊಣಗುತ್ತಿದ್ದರು. ಕಣ್ಣಿನ ಪರೀಕ್ಷೆಯ ಹಲಗೆಯ ಕೊನೆ ಸಾಲನ್ನು ಗೆಳೆಯರಿಂದ ಕೇಳಿ ಬಾಯಿಪಾಠ ಮಾಡಿಕೊಂಡು ಬರುವ ಹುಡುಗರಿದ್ದರು. ಅಕ್ಕ ಎರಡು ಹಲಗೆ ಇಟ್ಟುಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಾಯಿಸಿಬಿಡುತ್ತಿದ್ದರು. ಊಟ ಮುಗಿಸಿ ಬಂದ ಹುಡುಗ ಬೆಳಗಿನ ಹಲಗೆಯನ್ನು ಗಡಗಡ ಒಪ್ಪಿಸಿದಾಗ ಅವರು ನಗದೆ, "ಜ್ಞಾಪಕಶಕ್ತಿ ಚೆನ್ನಾಗಿದೆ ಕಣಪ್ಪಾ, ಕಣ್ಣು ಯಾವಾಗ ತರ್ತೀಯಾ?" ಅನ್ನುತ್ತಿದ್ದರು.

ಅಷ್ಟು ಬಿಗಿ ಯಾಕೆ ಅಂತ ಒಮ್ಮೆ ಕೇಳಿದೆ. ಅವರು ತಮ್ಮ ಮೇಜಿನ ಕೆಳಗಿನ ಖಾನೆ ಎಳೆದು ತೋರಿಸಿದರು. ಲೈಸೆನ್ಸ್ ಕೊಡುವುದು ಐದೂ ಕಿಟಕಿ, ಸತ್ತವರ ಲೈಸೆನ್ಸನ್ನು ಮನೆಯವರಿಂದ ವಾಪಸು ಪಡೆಯುವುದು ಮೂರನೆಯದೊಂದೇ. ಖಾನೆಯಲ್ಲಿ ಆ ತಿಂಗಳು ಬಂದವು ಒಂಬತ್ತು ಇದ್ದವು. ಅದರಲ್ಲಿ ನಾಲ್ಕರ ಫೋಟೊಗಳಲ್ಲಿ ಜೆಲ್ ಮೆತ್ತಿದ ಕೂದಲು.

ಅಕ್ಕನ ಮನೆ ಕಚೇರಿಯಿಂದ ಎರಡು ಬಸ್‌ಸ್ಟಾಪ್ ಆಚೆ. ಕೆಳಗೆ ಅವರ ಅಪ್ಪನ ಗಾಜಿನ ಅಂಗಡಿ, ಮೇಲೆ ಮೂರು ಕೋಣೆ. ಗಂಡ, ಮಗಳು ಹಸುಗೂಸಾಗಿದ್ದಾಗಲೇ ಬೇರೆ ಊರು, ಬೇರೆ ಸಂಸಾರ ನೋಡಿಕೊಂಡಿದ್ದ. ಅವನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಮೂರೇ ಜನ: ಅಕ್ಕ, ಕಿಟಕಿಗಳಿಗೆ ಗಾಜು ಕೂರಿಸುವ ಅಪ್ಪ, ಮಗಳು. ಹುಡುಗಿ ನಾಲ್ಕು ವರ್ಷದವಳಿದ್ದಾಗಲೇ ಅಂಗಡಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು "ಅದನ್ನ ಇಲ್ಲಿಡು, ಇದನ್ನ ಅಲ್ಲಿಡು" ಅನ್ನುತ್ತಿದ್ದಳಂತೆ. ತಾತ ಅವಳಿಗೆ "ಮೇಸ್ತ್ರಿ" ಅಂತ ಹೆಸರಿಟ್ಟರು. ಅದೇ ಉಳಿಯಿತು. ನನಗೂ ಅವಳು ಮೇಸ್ತ್ರಿಯೇ.

ತಾತನ ವ್ಯಾನಿನ ಪಕ್ಕಕ್ಕೆ ಗಾಜು ಒರಗಿಸಲು ಮರದ ಚೌಕಟ್ಟು ಹೊಡೆದಿತ್ತು. ಮೊಮ್ಮಗಳಿಗೆ ಹದಿನೈದಾದಾಗ ಆ ವ್ಯಾನನ್ನು ಓಡಿಸಲು ಕಲಿಸುತ್ತೇನೆ ಅಂದರು. ಅಕ್ಕ ಬೆಂಕಿಯಾದರು. "ಹದಿನಾರು ತುಂಬೋವರೆಗೂ ಇಂಜಿನ್ ಚಾಲೂ ಆಗೋ ಹಾಗಿಲ್ಲ, ಅಪ್ಪಾ. ಖಾಲಿ ಜಾಗ ಆದ್ರೂ ಸರಿ."

ತಾತ ಮಾತು ಮೀರಲಿಲ್ಲ, ಬಿಡಲೂ ಇಲ್ಲ. ಹಿತ್ತಿಲಲ್ಲಿ ವ್ಯಾನ್ ನಿಲ್ಲಿಸಿ, ಇಂಜಿನ್ ಬಂದ್ ಇಟ್ಟು, ಹುಡುಗಿಯನ್ನು ಸ್ಟೇರಿಂಗ್ ಹಿಂದೆ ಕೂರಿಸುತ್ತಿದ್ದರು. ಅವಳು ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುತ್ತ ಕ್ಲಚ್ಚು ಒತ್ತಿ ಗೇರು ಬದಲಾಯಿಸುತ್ತಿದ್ದಳು. ತಾತ ಪಕ್ಕದಲ್ಲಿ ಗಂಭೀರವಾಗಿ ಕೂತು, "ಎದುರಿಗೆ ಎಮ್ಮೆ ಬಂತು, ಏನ್ಮಾಡ್ತೀ? ಹಿಂದೆ ಬಸ್ಸು ಹಾರ್ನ್ ಹೊಡೀತಾ ಇದೆ, ಏನ್ಮಾಡ್ತೀ?" ಅನ್ನುತ್ತಿದ್ದರು. ಹೀಗೆ ಒಂದಡಿ ಕದಲದೆ ತಿಂಗಳುಗಟ್ಟಲೆ ಓಡಿದರು. ನಾನೊಮ್ಮೆ ಅಲ್ಲಿಗೆ ಹೋದಾಗ ಹಿತ್ತಿಲಿನಿಂದ ಬರುತ್ತಿದ್ದ ಆ "ಡುರ್‌ರ್‌ರ್" ಕೇಳಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಅಕ್ಕನೂ ನಕ್ಕರು. ಆ ಮನೆಯಲ್ಲಿ ಆಗ ನಗುವಿಗೆ ಬರವಿರಲಿಲ್ಲ.

ಅದೇ ವರ್ಷ ಮೇಸ್ತ್ರಿಗೆ ಶಾಲೆಯಲ್ಲಿ ಮೊದಲ ಸಲ ಫಿಟ್ಸ್ ಬಂತು. ಗಣಿತದ ತರಗತಿಯಲ್ಲಿ ಬೆಂಚಿನಿಂದ ಕೆಳಗೆ ಬಿದ್ದಳು. ವೈದ್ಯರು ತಲೆಯ ಚಿತ್ರ ತೆಗೆಸಿ, ಹೆದರುವಂಥದ್ದೇನಿಲ್ಲ, ಒಂದೇ ಸಲ ಬಂದು ಹೋಗಲೂಬಹುದು ಅಂದು ಮಾತ್ರೆ ಬರೆದುಕೊಟ್ಟರು. ಅಕ್ಕ ಕಚೇರಿಯಲ್ಲಿ ಇದನ್ನು ಯಾರಿಗೂ ಹೇಳಲಿಲ್ಲ. ನನಗೂ. ಹೆಣ್ಣುಮಗುವಿನ ವಿಷಯ, ನಾಲ್ಕು ಬಾಯಿಗೆ ಬೀಳುವುದು ಬೇಡ ಅಂತಿರಬೇಕು.

ನಮ್ಮ ಫಾರಂನ ಹನ್ನೊಂದನೇ ಪ್ರಶ್ನೆ ಹೀಗಿತ್ತು: ಕಳೆದ ಒಂದು ವರ್ಷದಲ್ಲಿ ಮೂರ್ಛೆ ಹೋದದ್ದು ಅಥವಾ ಪ್ರಜ್ಞೆ ತಪ್ಪಿದ್ದು ಉಂಟೇ? ಹೌದು ಅಂದರೆ ಲೈಸೆನ್ಸ್ ಇಲ್ಲ. ವರ್ಷ ತುಂಬಿದ ಮೇಲೆ ಬರಬೇಕು. ಹುಡುಗಿಗೆ ಹದಿನಾರು ತುಂಬಿದಾಗ ಆ ವರ್ಷಕ್ಕೆ ಇನ್ನೂ ಮೂರು ತಿಂಗಳಿತ್ತು. ಅಕ್ಕ ಕಾಯಿಸಿದರು. ಸಮವಯಸ್ಕರೆಲ್ಲ ಪಾಸಾಗಿ ಸಿಹಿ ಹಂಚುವಾಗ ಇವಳು ಹಲ್ಲು ಕಚ್ಚಿ ಕಾದಳು. ಮೂರು ತಿಂಗಳು ಕಳೆದ ಮೇಲೆ ಪ್ರಾಮಾಣಿಕವಾಗಿ "ಇಲ್ಲ" ಎಂದು ಬರೆದು ಕಲಿಯುವ ಲೈಸೆನ್ಸ್ ಪಡೆದಳು.

ಆಮೇಲೆ ಐವತ್ತು ಗಂಟೆ ತಾತನ ಜೊತೆ. ತಾತ ಚೌಕಟ್ಟಿಗೆ ನಿಜವಾದ ಗಾಜೊಂದನ್ನು ಒರಗಿಸಿ, ಹಗ್ಗವನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟು ಓಡಿಸಲು ಹೇಳುತ್ತಿದ್ದರು. ಬ್ರೇಕು ಜೋರಾಗಿ ಒತ್ತಿದರೆ ಗಾಜು ಕಟಕಟ ಅನ್ನುತ್ತಿತ್ತು. "ಗಾಜು ಬಾಯಿ ಬಿಡಬಾರದು ಮೇಸ್ತ್ರಿ. ಅದು ಸುಮ್ಮನಿದ್ರೆ ನೀನು ಡ್ರೈವರು." ಇಪ್ಪತ್ತು ಗಂಟೆಯೊಳಗೆ ಗಾಜು ಸುಮ್ಮನಾಯಿತು.

ಆ ಹೊತ್ತಿಗೆ ತಾತನ ಎದೆ ಕೆಟ್ಟಿತ್ತು. ನಲವತ್ತು ವರ್ಷ ಗಾಜು ಉಜ್ಜಿದ ಪುಡಿ ಒಳಗೆ ಸೇರಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು. ಕೈ ನಡುಗತೊಡಗಿದ ಮೇಲೆ ತಮ್ಮ ಲೈಸೆನ್ಸನ್ನು ತಾವೇ ತಂದು ಮೂರನೇ ಕಿಟಕಿಗೆ, ಮಗಳ ಕೈಗೆ ಕೊಟ್ಟುಹೋದರು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಆಮ್ಲಜನಕ ತೆಗೆದುಕೊಳ್ಳಬೇಕಿತ್ತು. ಬಸ್ಸಿನಲ್ಲಿ ಹೋಗಿಬಂದ ದಿನ ಹಾಸಿಗೆ ಹಿಡಿಯುತ್ತಿದ್ದರು. "ಇನ್ನೇನು, ನಮ್ಮ ಮೇಸ್ತ್ರಿಗೆ ಲೈಸೆನ್ಸ್ ಬಂದ್ರೆ ನಂಗೆ ರಾಜಯೋಗ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದರು.

ರಸ್ತೆ ಪರೀಕ್ಷೆಗೆ ಹತ್ತು ದಿನ ಇತ್ತು. ವೈದ್ಯರು ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲಿನ ಲೋಟ ಹಿಡಿದಿದ್ದ ಮೇಸ್ತ್ರಿ ಒಮ್ಮೆ ಮೇಲೆ ನೋಡಿ ಹಾಗೇ ಹಿಂದಕ್ಕೆ ಬಿದ್ದಳು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತರು. ಎರಡು ನಿಮಿಷ. ಎಚ್ಚರ ಬಂದ ಹುಡುಗಿ ಮೊದಲು ಹೇಳಿದ ಮಾತು, "ಅಮ್ಮಾ, ಯಾರಿಗೂ ಹೇಳ್ಬೇಡ."

"ಮೊದ್ಲು ಮಲ್ಕೋ."

"ಹತ್ತೇ ದಿನ ಇರೋದು ಅಮ್ಮಾ. ತಾತನ್ನ ಯಾರು ಕರ್ಕೊಂಡು ಹೋಗ್ತಾರೆ?"

"ನಂಗಂತೂ ಗಾಡಿ ಓಡಿಸೋಕೆ ಬರಲ್ಲ, ರಜೆ ಹಾಕಿ ಬಸ್ಸಲ್ಲಿ ಕರ್ಕೊಂಡು ಹೋಗ್ತೀನಿ. ಇನ್ನೊಂದು ವರ್ಷ ಪುಟ್ಟಾ. ಕಣ್ಮುಚ್ಚಿ ತೆಗೆಯೋದ್ರೊಳಗೆ ಹೋಗ್ಬಿಡುತ್ತೆ."

ಹುಡುಗಿ ಗೋಡೆ ಕಡೆಗೆ ಹೊರಳಿ ಮಲಗಿದಳು. ಒಪ್ಪಿದಳು ಅಂತ ಅಕ್ಕ ಅಂದುಕೊಂಡರು.

ಇಷ್ಟೂ ನನಗೆ ಆಮೇಲೆ ಗೊತ್ತಾಗಿದ್ದು. ಹತ್ತನೇ ದಿನ ಅಕ್ಕ ಯಾವುದೋ ಸಭೆಗೆಂದು ಬೇರೆ ಊರಿಗೆ ಹೋಗಿದ್ದರು. ಹತ್ತು ಗಂಟೆಗೆ ತಾತ ಮತ್ತು ಮೊಮ್ಮಗಳು ನನ್ನ ಕಿಟಕಿಗೆ ಬಂದು ನಿಂತರು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ನನಗೆ ನಮ್ಮ ಮನೆ ಹುಡುಗಿಯೇ ಬಂದಷ್ಟು ಖುಷಿ. ಫಾರಂ ನೋಡಿದೆ. ಎಲ್ಲ ದುಂಡಗೆ ತುಂಬಿತ್ತು, ತಾತನ ಸಹಿ ಇತ್ತು. ಹನ್ನೊಂದನೆಯದು ಮಾತ್ರ ಖಾಲಿ.

ಅದನ್ನು ಗಟ್ಟಿಯಾಗಿ ಓದಿ ಕೇಳಬೇಕು ಅಂತ ನಿಯಮ. ಅಕ್ಕ ಸಾವಿರ ಸಲ ಕೇಳಿದ್ದನ್ನು ಪಕ್ಕದಲ್ಲೇ ಕೂತು ನಾನು ಕೇಳಿದ್ದೆ. ಆದರೆ ನಾನು ಕೇಳಲಿಲ್ಲ. "ಇದೊಂದು ಮರ್ತಿದ್ದೀಯಲ್ಲೇ ಮೇಸ್ತ್ರಿ" ಅಂದು ನನ್ನ ಪೆನ್ನಿನಿಂದಲೇ "ಇಲ್ಲ" ಎಂಬಲ್ಲಿ ಗೀಟು ಹಾಕಿ ಸೀಲು ಒತ್ತಿದೆ. ಹುಡುಗಿ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ತಾತ ಕಿಟಕಿಯ ಕಟ್ಟೆಯನ್ನು ನೋಡುತ್ತಿದ್ದರು. ಮುದುಕರಿಗೆ ಆಯಾಸ ಅಂತ ನಾನು ಅಂದುಕೊಂಡೆ.

ಮಧ್ಯಾಹ್ನ ಪರೀಕ್ಷೆ ಮಾಡಿದ ಅಧಿಕಾರಿ ನಗುತ್ತ ಒಳಗೆ ಬಂದರು. "ಆ ಹುಡುಗಿ ಗಾಡಿ ಓಡಿಸಿದ್ರೆ ಪಕ್ಕದಲ್ಲಿ ನಿದ್ದೆ ಬರುತ್ತೆ ಕಣ್ರೀ. ಹಾಗೆ ಬ್ರೇಕು ಹಾಕೋರು ನಮ್ಮ ಡ್ರೈವರ್‌ಗಳಲ್ಲೇ ಇಲ್ಲ." ತಾತ್ಕಾಲಿಕ ಚೀಟಿ ಕೊಟ್ಟು ಕಳಿಸಿದೆವು. ಕಾರ್ಡು ಬರಲು ಎರಡು ವಾರ. ಅದಕ್ಕೆ ಮೊದಲು ಎಲ್ಲ ಫಾರಂಗಳನ್ನೂ ಇನ್ನೊಬ್ಬರು ಮರುಪರಿಶೀಲನೆ ಮಾಡಬೇಕು. ಆ ಕೆಲಸ ಅಕ್ಕನದು.

ಮೂರನೇ ದಿನ ಅಕ್ಕ ತಮ್ಮ ಮೇಜಿನ ಮೇಲಿದ್ದ ಫಾರಂಗಳ ರಾಶಿಯಿಂದ ಒಂದನ್ನು ಎತ್ತಿಕೊಂಡು ನನ್ನ ಪಕ್ಕ ಬಂದು ನಿಂತರು.

"ಈ ಗೀಟು ನಿಂದಾ?"

"ಹೌದಕ್ಕಾ, ಅವಳು ಮರ್ತಿದ್ಲು. ಯಾಕೆ?"

ಅವರು ಹೇಳಿದರು. ಎರಡು ಸಲ ಬಂದದ್ದು, ಅಡುಗೆಮನೆ, ಗಡಿಯಾರ, ಎಲ್ಲ. ಆದರೂ ನನ್ನ ಬಾಯಿಂದ ಬಂದ ಮಾತು ಇದು: "ಅಕ್ಕಾ, ನೀವೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಸಹಿ ಹಾಕಿ ಕಳಿಸ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಮನೆಯವರ ಫಾರಂ ನಾನು ಮುಟ್ಟೋ ಹಾಗೇ ಇಲ್ಲ" ಅಂದರು. ಮತ್ತೆ, "ನಾಳೆ ಯಾವುದಾದ್ರೂ ಶಾಲೆ ಮುಂದೆ ಅವಳಿಗೆ ಹಾಗಾದ್ರೆ?" ಅಂದರು. ಫಾರಂ ಒಳಗಿಟ್ಟು ಖಾನೆಗೆ ಬೀಗ ಹಾಕಿ ಮನೆಗೆ ಹೋದರು.

ಅವತ್ತು ಸಂಜೆ ಮನೆಯಲ್ಲಿ ನಡೆದದ್ದನ್ನು ಅಕ್ಕ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು. ಆ ಮೂರು ದಿನವೂ ಅಕ್ಕ ಕಚೇರಿಗೆ ಹೊರಟ ಮೇಲೆ ಮೇಸ್ತ್ರಿ ವ್ಯಾನ್ ತೆಗೆಯುತ್ತಿದ್ದಳಂತೆ. ಒಂದು ಸಲ ತಾತನನ್ನು ಆಸ್ಪತ್ರೆಗೆ ಕರೆದೊಯ್ದು ತಂದಿದ್ದಳು. ಆ ದಿನ ತಾತ ಹಾಸಿಗೆ ಹಿಡಿಯಲಿಲ್ಲ. ಸಂಜೆ ಅಂಗಡಿಯಲ್ಲಿ ಕೂತು ಎರಡು ಗಾಜು ಕತ್ತರಿಸಿದರು.

ಅಕ್ಕ ಚೀಟಿ ಕೇಳಿದರು. "ನೀನೇ ಬಂದು ವಾಪಸ್ ಕೊಡು ಪುಟ್ಟಾ. ತಪ್ಪಾಯ್ತು, ತಿಳೀಲಿಲ್ಲ ಅನ್ನು. ಒಂದು ವರ್ಷಕ್ಕೆ ಮುಗಿಯುತ್ತೆ. ಬರೆದು ಕೊಡೋ ಹಾಗೆ ಮಾಡ್ಬೇಡ ನನ್ನ."

"ನಾನು ಮತ್ತೆ ಮಾತ್ರೆ ಶುರು ಮಾಡಿದ್ದೀನಲ್ಲಮ್ಮಾ. ಇನ್ನು ಬರಲ್ಲ."

"ಬರಲ್ಲ ಅಂತ ಯಾರು ಹೇಳಿದ್ದು?"

"ಬರುತ್ತೆ ಅಂತ ಯಾರು ಹೇಳಿದ್ದು?"

ತಾತ ಮಧ್ಯೆ ಬಂದರು. "ತಪ್ಪು ನಂದಮ್ಮಾ. ಕರ್ಕೊಂಡು ಹೋಗಿದ್ದು ನಾನು. ಚಳಿಗಾಲ ಕಳೆಯೋವರೆಗಾದ್ರೂ ಕಣ್ಣು ಮುಚ್ಚಿಕೋ. ಬಸ್ಸಲ್ಲಿ ನಿಂತ್ಕೊಳೋಕೆ ಆಗ್ತಿಲ್ಲ ನಂಗೆ."

ಅಪ್ಪ ತಮಗಾಗಿ ಏನನ್ನಾದರೂ ಕೇಳಿದ್ದು ಅಕ್ಕನಿಗೆ ನೆನಪಿರಲಿಲ್ಲ. ಅವತ್ತು ಕೇಳಿದರು. ಅಕ್ಕ ಆಗಲ್ಲ ಅಂದರು.

ಮೇಸ್ತ್ರಿ ಎದ್ದು ನಿಂತಳು. "ನೀನು ನಮ್ಮಮ್ಮನಾ, ಇಲ್ಲ ಮೂರನೇ ಕಿಟಕಿನಾ? ಹೇಳ್ಬಿಡು."

ಚೀಟಿಗೆಂದು ಚಾಚಿದ್ದ ಕೈಯನ್ನು ಅಕ್ಕ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ಅವರು ನಮ್ಮ ಸಾಹೇಬರ ಮುಂದೆ ಹೋಗಿ ನಿಂತರು. ಸಾಹೇಬರು ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು, "ಬಾಯಲ್ಲಿ ಹೇಳಿದ್ದು ನನಗೆ ಕೇಳಿಸಿಲ್ಲಮ್ಮಾ. ಬರೆದು ಕೊಟ್ರೆ ಮಾತ್ರ ರದ್ದು ಮಾಡ್ಲೇಬೇಕಾಗುತ್ತೆ. ಯೋಚನೆ ಮಾಡಿ" ಅಂದು ಎದ್ದು ಕಾಫಿಗೆ ಹೋದರು. ಬೇಕೆಂದೇ ಅರ್ಧ ಗಂಟೆ ತಡ ಮಾಡಿ ಬಂದರು. ವಾಪಸು ಬಂದಾಗ ಅರ್ಜಿ ಅವರ ಮೇಜಿನ ಮೇಲಿತ್ತು. ನಾಲ್ಕು ಸಾಲು. ಇಂಥ ದಿನ, ಇಷ್ಟು ಹೊತ್ತಿಗೆ, ನನ್ನ ಮಗಳಿಗೆ ಪ್ರಜ್ಞೆ ತಪ್ಪಿತು, ನಾನು ಕಣ್ಣಾರೆ ಕಂಡಿದ್ದೇನೆ.

ಗೀಟಿನ ವಿಷಯ ಅದರಲ್ಲಿ ಇರಲಿಲ್ಲ. ನನ್ನ ಹತ್ತಿರ ಬಂದು, "ನನ್ನ ಮಗಳದ್ದು ನಾನು ಹೇಳಿದ್ದೀನಿ. ನಿಂದು ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು" ಅಂದರು.

ಸುಳ್ಳು ಮಾಹಿತಿ ಕೊಟ್ಟವರಿಗೆ ಒಂದರ ಬದಲು ಎರಡು ವರ್ಷ ನಿಷೇಧ. ಗೀಟು ನನ್ನದು ಅಂತ ನಾನು ಒಂದು ಮಾತು ಹೇಳಿದ್ದರೆ ಆ ಹುಡುಗಿಗೆ ಒಂದು ವರ್ಷ ಉಳಿಯುತ್ತಿತ್ತು. ನಾನು ಹೇಳಲಿಲ್ಲ. ನೌಕರಿ ಖಾಯಂ ಆಗಲು ಆರು ತಿಂಗಳಿತ್ತು, ಇಬ್ಬರು ಸಣ್ಣ ಮಕ್ಕಳು, ಇತ್ಯಾದಿ. ಕಾರಣ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಎರಡು ವರ್ಷದ ಸೀಲು ಬಿತ್ತು.

ಮೇಸ್ತ್ರಿ ತಾಯಿಯ ಜೊತೆ ಮಾತು ಬಿಟ್ಟಳು. ಜಗಳ ಇಲ್ಲ, ಬಾಗಿಲು ಬಡಿಯುವುದಿಲ್ಲ. ಕೇಳಿದ್ದಕ್ಕೆ "ಹೂಂ", "ಊಹೂಂ". ಒಂದು ದಿನ ಅಕ್ಕ ಬೇಗ ಮನೆಗೆ ಹೋದಾಗ ಹಿತ್ತಿಲಲ್ಲಿ ವ್ಯಾನಿನ ಇಂಜಿನ್ ಗುರುಗುಟ್ಟುತ್ತಿತ್ತು. ಹುಡುಗಿ ಒಳಗೆ ಕೂತಿದ್ದಳು. ಬ್ಯಾಟರಿ ಸಾಯಬಾರದು ಅಂತ ಚಾಲೂ ಮಾಡಿದೆ ಅಂದಳು. ನಿಜವೇ ಇರಬಹುದು. ಅಕ್ಕ ಕೈ ಚಾಚಿ ಬೀಗದಕೈ ತೆಗೆದುಕೊಂಡರು. ಮಾರನೇ ದಿನದಿಂದ ಅದು ಕಚೇರಿಯಲ್ಲಿ, ಅವರ ಮೇಜಿನ ಎರಡನೇ ಖಾನೆಯಲ್ಲಿ ಇರುತ್ತಿತ್ತು.

ಹನ್ನೊಂದು ವಾರದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಸಾಹೇಬರ ಮೇಜಿನ ಫೋನು ಹೊಡೆದುಕೊಂಡಿತು. ಅಕ್ಕ ಒಳಕೋಣೆಯಲ್ಲಿ ಯಾವುದೋ ಹುಡುಗನ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ನಾನು ಓಡಿಹೋಗಿ ಕರೆದೆ. ಫೋನಿನ ಆಚೆಯ ದನಿ ಮಾರು ದೂರ ನಿಂತಿದ್ದ ನನಗೂ ಕೇಳುತ್ತಿತ್ತು.

"ತಾತಂಗೆ ಉಸಿರು ಆಗ್ತಿಲ್ಲ. ಕೀ ಎಲ್ಲಿ?"

"ಆಂಬುಲೆನ್ಸ್‌ಗೆ ಮಾಡಿದ್ಯಾ?"

"ಮಾಡ್ದೆ, ಬರ್ತಾ ಇದೆ ಅಂತಾರೆ. ಕೀ ಎಲ್ಲಿಟ್ಟಿದ್ದೀಯಮ್ಮಾ? ಎಲ್ಲಾ ಕಡೆ ಹುಡುಕ್ದೆ."

ಅಕ್ಕ ತಮ್ಮ ಮೇಜಿನ ಕಡೆ ತಿರುಗಿ ನೋಡಿದರು. "ಇಲ್ಲಿದೆ."

ಆ ಕಡೆ ಫೋನು ಇಟ್ಟ ಸದ್ದಾಯಿತು.

ತಾವು ಫೋನು ಇಟ್ಟದ್ದು, ಬೀಗದಕೈ ತೆಗೆದುಕೊಂಡು ರಸ್ತೆಗೆ ಓಡಿದ್ದು ಅಕ್ಕನಿಗೆ ನೆನಪಿಲ್ಲ. ನನಗೆ ನೆನಪಿದೆ. ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಅತ್ತ ಮೇಸ್ತ್ರಿ ಎದುರಿನ ಬೇಕರಿಯವನನ್ನು ಕೂಗಿ ಕರೆದಿದ್ದಳು. ಅವನು ಗಾಡಿ ಹುಡುಕಲು ಬೀದಿಯ ತುದಿಗೆ ಓಡಿದ್ದ. ಕೆಲಸದ ಹೊತ್ತು, ಬೀದಿಯೆಲ್ಲ ಖಾಲಿ. ಆಂಬುಲೆನ್ಸ್ ಬರಲು ಮೂವತ್ತೈದು ನಿಮಿಷ ಹಿಡಿಯಿತು. ಆಸ್ಪತ್ರೆ ಹನ್ನೆರಡು ನಿಮಿಷದ ದಾರಿ. ವ್ಯಾನು ಹಿತ್ತಿಲಲ್ಲೇ ನಿಂತಿತ್ತು. ತಾತ ಅದಕ್ಕೇ ಒರಗಿ ಕೂತಿದ್ದರು.

ಮೂರನೇ ದಿನ ಬೆಳಿಗ್ಗೆ ಅವರು ತೀರಿಕೊಂಡರು. ಬೇಗ ಕರೆತಂದಿದ್ದರೆ ಉಳಿಯುತ್ತಿದ್ದರೇ ಅಂತ ಅಕ್ಕ ವೈದ್ಯರನ್ನು ಕೇಳಿದರು. ಇಲ್ಲ ಅಂದುಬಿಟ್ಟಿದ್ದರೆ ಎಷ್ಟೋ ಪುಣ್ಯ ಬರುತ್ತಿತ್ತು ಆತನಿಗೆ. ಆತ ಕನ್ನಡಕ ತೆಗೆದು ಒರೆಸಿಕೊಂಡು, "ಹೇಳೋಕಾಗಲ್ಲಮ್ಮಾ" ಅಂದ.

ಮೇಸ್ತ್ರಿ ಅಳಲಿಲ್ಲ. ನಾನು ಹೋದಾಗ ಅಂಗಡಿಯಲ್ಲಿ ನೆಲ ಗುಡಿಸುತ್ತಿದ್ದಳು. ಗಾಜಿನ ಚೂರುಗಳನ್ನು ಗುಡ್ಡೆ ಮಾಡಿ, ಡಬ್ಬಿಗೆ ತುಂಬಿ, ಮತ್ತೆ ಗುಡಿಸುತ್ತಿದ್ದಳು. ಅಕ್ಕ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಅವರಿಬ್ಬರ ನಡುವೆ ಎಂಟು ಅಡಿ ಇದ್ದಿರಬಹುದು. ಯಾರೂ ಅದನ್ನು ದಾಟಲಿಲ್ಲ.

ಹದಿನೆಂಟು ತುಂಬಿದ ವಾರ ಅವಳು ಬೇರೆ ಊರಿಗೆ ಹೊರಟಳು. ತಾತನ ಪರಿಚಯದವರ ಗಾಜಿನ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಇರಲು ಕೋಣೆ. ಅಕ್ಕ ಬಸ್‌ಸ್ಟಾಂಡಿಗೆ ಹೋಗಿ ಮಾತ್ರೆಯ ಪೊಟ್ಟಣ ಕೊಟ್ಟರು. ಅದನ್ನು ಮಾತ್ರ ತೆಗೆದುಕೊಂಡಳಂತೆ.

ನಿಷೇಧ ಮುಗಿದ ದಿನ ಅಕ್ಕ ಒಂದು ಖಾಲಿ ಫಾರಂ ಲಕೋಟೆಗೆ ಹಾಕಿ ಅವಳ ವಿಳಾಸಕ್ಕೆ ಕಳಿಸಿದರು. ಪತ್ರ ಇಲ್ಲ, ಫಾರಂ ಅಷ್ಟೇ. ಉತ್ತರ ಬರಲಿಲ್ಲ. ಮುಂದಿನ ವರ್ಷ ಇನ್ನೊಂದು ಕಳಿಸಿದರು. ಅದರ ಮುಂದಿನ ವರ್ಷವೂ. ಕಿಟಕಿಯಲ್ಲಿ ಅವರು ಮೊದಲಿನ ಹಾಗೇ ಇದ್ದರು ಅಂತ ಜನ ಹೇಳುತ್ತಾರೆ. ನನಗೆ ಮಾತ್ರ ಗೊತ್ತು, ಹನ್ನೊಂದನೇ ಪ್ರಶ್ನೆ ಕೇಳುವಾಗ ಮಕ್ಕಳ ಮುಖ ನೋಡುವುದನ್ನು ಬಿಟ್ಟಿದ್ದರು. ಒಮ್ಮೆ ಒಬ್ಬ ಹುಡುಗ "ಹೌದು, ಹೋದ ತಿಂಗಳು" ಅಂದ. ಅಕ್ಕ ಫಾರಂ ಅವನಿಗೆ ವಾಪಸು ಕೊಟ್ಟು, "ಒಳ್ಳೇದಾಯ್ತಪ್ಪಾ, ನಿಜ ಹೇಳಿದೆ" ಅಂದು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ. ಆ ಸಾಲನ್ನೂ ನಾನೇ ಮುಗಿಸಿದೆ.

ಮೇಸ್ತ್ರಿ ಬಂದದ್ದು ಇಪ್ಪತ್ತಮೂರನೇ ವಯಸ್ಸಿಗೆ. ಮೈಕೈ ತುಂಬಿಕೊಂಡು, ಕೂದಲು ಚಿಕ್ಕದು ಮಾಡಿಸಿಕೊಂಡು, ಅಂಗೈಯಲ್ಲಿ ಗಾಜಿನವರಿಗೆ ಇರುವ ಸಣ್ಣ ಗೀರುಗಳು. ಕಾರ್ಖಾನೆಯವರು ಗಾಡಿ ಓಡಿಸಲು ಕೇಳಿದ್ದರಂತೆ. ಮೂರನೇ ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಅವಳು ನನ್ನ ಸಾಲಿನಲ್ಲಿ ಆರನೆಯವಳಾಗಿ ನಿಂತಳು.

"ಅಮ್ಮನ ಹತ್ರ ಹೋಗೇ" ಅಂದೆ ಮೆಲ್ಲಗೆ.

"ಮನೆಯವರ ಫಾರಂ ಅವರು ಮುಟ್ಟೋ ಹಾಗಿಲ್ಲ ಆಂಟಿ."

ವ್ಯಂಗ್ಯ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಫಾರಂ ತೆಗೆದುಕೊಂಡು ಹನ್ನೊಂದನೆಯದನ್ನು ಗಟ್ಟಿಯಾಗಿ ಓದಿದೆ. ಕಳೆದ ಒಂದು ವರ್ಷದಲ್ಲಿ ಇಲ್ಲ ಅಂದಳು. ಆರು ವರ್ಷದಿಂದ ಇಲ್ಲ. ವೈದ್ಯರ ಪತ್ರವನ್ನು, ಯಾರೂ ಕೇಳದಿದ್ದರೂ, ಲಗತ್ತಿಸಿದ್ದಳು. ಅಡುಗೆಮನೆಯಲ್ಲಿ ಬಿದ್ದ ಆ ಭಾನುವಾರವೇ ಕೊನೆ.

ಸೀಲು ಎತ್ತಿಕೊಂಡವಳು ಒತ್ತದೆ ಕೆಳಗಿಟ್ಟೆ. "ಆ ಗೀಟು ನಂದು ಮೇಸ್ತ್ರಿ. ಅವತ್ತೇ ಹೇಳ್ಬೇಕಿತ್ತು ನಾನು" ಅಂದೆ.

"ಗೊತ್ತಲ್ವಾ ಆಂಟಿ, ನಾನು ಎದುರಿಗೇ ಇದ್ದೆ. ನಾನೂ ಬಾಯಿ ಬಿಡ್ಲಿಲ್ಲ." ಫಾರಂ ಕಡೆ ಬೆರಳು ತೋರಿಸಿ, "ಸೀಲ್ ಹಾಕಿ. ಹಿಂದೆ ಜನ ಇದ್ದಾರೆ" ಅಂದಳು.

ಅವಳು ಹೊರಗೆ ಹೋದಾಗ ಅಕ್ಕ ಎದ್ದು ಹಿಂದೆಯೇ ಹೋದರು. ನೀರಿನ ನಲ್ಲಿಯ ಹತ್ತಿರ ಇಬ್ಬರೂ ನಿಂತರು. ಬಾಗಿಲು ತೆರೆದಿತ್ತು, ಮಾತು ಕೇಳುತ್ತಿತ್ತು.

"ಮಾತ್ರೆ ತಗೋತಾ ಇದ್ದೀಯಾ?"

"ಹೂಂ."

"ಊಟ ಆಯ್ತಾ?"

"ಬಸ್ಸಲ್ಲಿ ಆಯ್ತು."

"ಮನೆಗೆ ಬಂದು ಹೋಗು."

"ಮೂರು ಗಂಟೆಗೆ ಬಸ್ಸಿದೆ ಅಮ್ಮಾ."

ಅಮ್ಮಾ ಅಂದಳಲ್ಲ ಅಂತ ನನಗೆ ಸಮಾಧಾನವಾಯಿತು. ಅಕ್ಕನಿಗೆ ಆಗಲಿಲ್ಲ ಅಂತ ಕಾಣುತ್ತದೆ. ಮಗಳು ಗೇಟು ದಾಟಿದ ಮೇಲೂ ಅವರು ನಲ್ಲಿಯ ಪಕ್ಕ ನಿಂತೇ ಇದ್ದರು. ಕಿಟಕಿಯ ಮುಂದೆ ಮಕ್ಕಳು ಬಂದು ಸೇರಿದರು. ನಾನು ಹೋಗಿ ತೋಳು ಹಿಡಿದು ಕರೆತಂದೆ.

ಅವಳಿಗೆ ಲೈಸೆನ್ಸ್ ಬಂತು. ಈಗ ಹತ್ತು ಚಕ್ರದ ಗಾಡಿಯಲ್ಲಿ ಅಂಗಡಿಗಳ ಮುಂಭಾಗಕ್ಕೆ ಹಾಕುವ ದೊಡ್ಡ ಗಾಜುಗಳನ್ನು ಸಾಗಿಸುತ್ತಾಳೆ. ಇಷ್ಟು ವರ್ಷದಲ್ಲಿ ಒಂದೂ ಒಡೆದಿಲ್ಲವಂತೆ, ಕಾರ್ಖಾನೆಯವರು ಹೇಳುತ್ತಾರೆ. ತಿಂಗಳ ಮೊದಲ ಭಾನುವಾರ ತಾಯಿಗೆ ಫೋನು ಮಾಡುತ್ತಾಳೆ. ಆರೋಗ್ಯ, ಹವೆ, ರಸ್ತೆ. ಐದು ನಿಮಿಷಕ್ಕೆ ಮುಗಿಯುತ್ತದೆ. ತಾತನ ಹೆಸರು ಇಬ್ಬರೂ ಎತ್ತುವುದಿಲ್ಲ.

ಅಕ್ಕ ನಿವೃತ್ತರಾಗಿ ನಾಲ್ಕು ವರ್ಷ. ಹೋದ ತಿಂಗಳು ನೋಡಲು ಹೋಗಿದ್ದೆ. ಅಂಗಡಿಯನ್ನು ಟೈಲರೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ಚಹಾ ಮಾಡಿದರು. ಅದು ಇದು ಮಾತಾಡುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ ಅಂದರು:

"ಅವಳಿಗೆ ಮತ್ತೆ ಯಾವತ್ತೂ ಬರ್ಲೇ ಇಲ್ಲ, ಗೊತ್ತಾ ನಿಂಗೆ? ಒಂದ್ಸಲನೂ ಇಲ್ಲ."

"ಒಳ್ಳೇದೇ ಆಯ್ತಲ್ಲಕ್ಕಾ."

"ಒಳ್ಳೇದೇ. ದಿನಾ ಅದನ್ನೇ ಬೇಡ್ಕೋತೀನಿ, ಬರದೇ ಇರ್ಲಿ ಅಂತ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆದ್ರೆ ಕಣೇ, ಒಂದೊಂದು ದಿನ ಹೀಗೆ ಕೂತಿರುವಾಗ ಅನ್ಸುತ್ತೆ, ಆ ವರ್ಷ ಒಂದ್ಸಲ, ಒಂದೇ ಒಂದ್ಸಲ, ಮನೆಯಲ್ಲಿ ಹಾಸಿಗೆ ಮೇಲೆ ಏನೂ ಪೆಟ್ಟಾಗದ ಹಾಗೆ ಬಂದು ಹೋಗಿದ್ರೆ... ಅವಳಿಗಾದ್ರೂ ಗೊತ್ತಾಗ್ತಿತ್ತಲ್ಲ ನಾನ್ಯಾಕೆ ಹಾಗೆ ಮಾಡ್ದೆ ಅಂತ. ನಂಗಾದ್ರೂ ಗೊತ್ತಾಗ್ತಿತ್ತು." ಮುಖ ಆ ಕಡೆ ತಿರುಗಿಸಿದರು. "ಹೆತ್ತ ಮಗಳಿಗೆ ಫಿಟ್ಸ್ ಬರ್ಲಿ ಅಂತ ಅಂದ್ಕೊಂಡವಳು ನಾನು. ಎಂಥಾ ತಾಯಿ ನೋಡು."

ನಾನು ಏನಾದರೂ ಹೇಳಬೇಕಿತ್ತು. ನೀವು ಮಾಡಿದ್ದೇ ಸರಿ ಅಕ್ಕಾ, ಅನ್ನಬಹುದಿತ್ತು. ಆ ಮಾತು ನನ್ನ ಬಾಯಿಂದ ಬಂದರೆ ಅದಕ್ಕೆ ಎಷ್ಟು ಬೆಲೆ ಅಂತ ಇಬ್ಬರಿಗೂ ಗೊತ್ತಿತ್ತು. ಅವರ ಪಕ್ಕಕ್ಕೆ ಸರಿದು ಕೂತೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ನನ್ನ ಲೋಟ ನೋಡಿ, "ಆರಿಹೋಯ್ತು, ತಾ ಬಿಸಿ ಮಾಡಿ ಕೊಡ್ತೀನಿ" ಅಂದು ಅಡುಗೆಮನೆಗೆ ಹೋದರು.